ಕಾದಂಬರಿಕಾರನೂ ಅವನ ಪಾತ್ರಗಳೂ



ಕಾದಂಬರಿಯ ಪಾತ್ರಗಳೆಂದರೆ ತೊಗಲುಗೊಂಬೆಗಳಿದ್ದಂತೆ, ಅದನ್ನು ಬರೆದವನು ಪರದೆಯ ಹಿಂದೆ ಕುಳಿತು ಮನಸ್ಸಿಗೆ ಬಂದಂತೆ ಅವುಗಳನ್ನು ಕುಣಿಸುವನು ಎಂಬ ಭಾವನೆಯು ಜನರಲ್ಲಿ ಸಾಮಾನ್ಯವಾಗಿ ಇರುವುದು. ಹಾಗೆ ಕುಣಿಸುವವರೂ ಉಂಟು. ಅವರ ಗ್ರಂಥಗಳು ಓದಿ ಮುಗಿಸುವಷ್ಟರಲ್ಲಿ ಮರೆತುಹೋಗುವುವು. ಉತ್ತಮ ಕಾದಂಬರಿಕಾರನಿಗಾದರೋ ತನ್ನ ಪಾತ್ರವು ಮೊದಮೊದಲು ಅಪರಿಚಿತವಾಗಿಯೇ ಇರುವುದು. ಊರಿಗೆ ಹೊಸದಾಗಿ ಬಂದವನ ಸ್ವಭಾವವನ್ನು ಬಹುಕಾಲದ ಒಡನಾಟದಿಂದ ಅರಿಯುವಂತೆ, ಆತನು ಬರೆದು, ಹೊಡೆದುಹಾಕಿ, ಮತ್ತೆ ಬರೆದು ಅದರ ಗುಣವನ್ನು ತಿಳಿಯಬೇಕಾಗುವುದು. ಹೀಗೆ ತಿಳಿಯುತ್ತ ಹೋದಂತೆ ಆತನು ಮೊದಲು ಕೊಟ್ಟಿದ್ದ ತೀರ್ಪೇ ತಲೆಕೆಳಗಾಗುವುದೂ ಉಂಟು. ರಷ್ಯಾ ದೇಶದ ಟಾಲ್‌ಸ್ಟಾಯ್ ಮಹಾಶಯನು ‘ಆನಾ ಕರೆನಿನಾ’ ಎಂಬ ಕಾದಂಬರಿಯನ್ನು ರಚಿಸಿದ ಬಗೆಯನ್ನು ನೋಡಿದರೆ ಇದು ವಿಶದವಾಗುವುದು.

ಗಂಡನನ್ನು ತೊರೆದು ಪರಪುರುಷನೊಡನೆ ಬಾಳಿ ಕೆಟ್ಟ ಕುಲೀನ ಸ್ತ್ರೀಯೊಬ್ಬಳ ಕಥೆಯನ್ನು ಬರೆಯಬೇಕೆಂಬ ಯೋಚನೆಯು ಆತನಿಗೆ 1870ರಲ್ಲಿಯೇ ಹೊಳೆದಿದ್ದಿತು. 1872ನೆಯ ಜನವರಿಯಲ್ಲಿ ನೆರೆಯ ಜಮೀನುದಾರನೊಬ್ಬನ ಮನೆಯಲ್ಲಿದ್ದ ಆನಾ ಪಿರೊಗೋವಾ ಎಂಬ ಹೆಂಗಸು, ತನ್ನನ್ನು ನೆಚ್ಚಿಸಿದವನು ಬೇರೊಬ್ಬಳನ್ನು ವರಿಸಲಿರುವನೆಂದು ತಿಳಿದು, ಸಮೀಪದ ರೈಲು ನಿಲ್ದಾಣದಲ್ಲಿ ಗಾಡಿಯ ಕೆಳಗೆ ಬಿದ್ದು ಪ್ರಾಣ ಬಿಟ್ಟಳು. ಟಾಲ್‌ಸ್ಟಾಯನು ಹೋಗಿ ಆ ಛಿನ್ನವಾದ ದೇಹವನ್ನು ಕಣ್ಣಾರೆ ಕಂಡನು. ಅದಕ್ಕೆ ಕೆಲವು ವರ್ಷಗಳ ಹಿಂದೆ ತೂಲಾ ಪಟ್ಟಣದ ಒಂದು ಕೂಟದಲ್ಲಿ ಮಹಾಕವಿ ಪುಷ್ಕಿನನ ಮಗಳನ್ನು ಆತನು ನೋಡಿದ್ದನು. ಆನಾಳ ಕತ್ತಿನ ಮೇಲೆ ಆಡುವ ಕರಿಯ ಗುಂಗುರು ಕೂದಲು ಆ ಮಹಿಳೆಯದೆಂದು ಹೇಳುವರು. ಒಬ್ಬಳಿಂದ ಸಾವು ದೊರೆಯಿತು, ಮತ್ತೊಬ್ಬಳಿಂದ ರೂಪು ದೊರೆಯಿತು. ನಡುವಣ ಬಾಳು ಮಾತ್ರ ಯಾರಿಂದಲೂ ದೊರೆಯಲಿಲ್ಲ.

1873ರಲ್ಲಿ ಬರೆಯತೊಡಗಿದಾಗಿನ ಮೊದಲ ಕರಡುಗಳು ಉಳಿದುಬಂದಿವೆ. ಅವುಗಳಲ್ಲಿ ನಾಯಿಕೆಗೆ ಆನಾ ಎಂಬ ಹೆಸರೂ ಇಲ್ಲ, ಆ ಗಾಂಭೀರ್ಯವೂ ಇಲ್ಲ. ಅವಳು ಸ್ಥೂಲದೇಹಿ, ನಯವಿಲ್ಲದವಳು. ಗಂಡನೋ ಸಾಧು, ಉದಾರಿ. ಓದಿದವರು ಅವಳನ್ನು ಹಳಿದು ಅವನಿಗಾಗಿ ಮರುಗಲೆಂಬಂತೆ ಎಲ್ಲವೂ ಏರ್ಪಟ್ಟಿದ್ದಿತು. ಆದರೆ ಕೆಟ್ಟವಳೊಬ್ಬಳು ಮನೆ ಬಿಟ್ಟು ಹೋದರೆ ಅದರಲ್ಲಿ ತಿಳಿಯಬೇಕಾದುದೇನಿದೆ? ಒಳ್ಳೆಯವಳು, ಮಗನನ್ನು ಪ್ರಾಣದಂತೆ ಪ್ರೀತಿಸುವವಳು, ಹೋಗುವಂತೆ ಹೇಗಾಯಿತು ಎಂಬುದೇ ಬಿಡಿಸಬೇಕಾದ ಗಂಟು. ಪತ್ನಿಯಾದ ಸೋಫಿಯಾ ಶುದ್ಧಪ್ರತಿ ಮಾಡಿ ಕೊಟ್ಟ ಹಾಳೆಗಳನ್ನೇ ಆತನು ಮತ್ತೆ ಮತ್ತೆ ಗೀಚಿ ತಿದ್ದಿದನು. ತಿದ್ದಿದಂತೆಲ್ಲ ಹೆಂಡತಿಯ ಮುಖದಲ್ಲಿ ಕಳೆಯೇರಿತು. ಗಂಡನು ಬಿಗಿಯಾದ ಅಧಿಕಾರಿಯಾದನು.

ಆದರೂ ಗಂಡನನ್ನು ಖಳನನ್ನಾಗಿ ಮಾಡಿ ಕೈತೊಳೆದುಕೊಳ್ಳಲಿಲ್ಲವೆಂಬುದು ಗಮನಿಸತಕ್ಕ ವಿಷಯ. ಮಾಸ್ಕೋದಿಂದ ಹಿಂದಿರುಗಿದ ಆನಾಳು ಪೀಟರ್ಸ್‌ಬರ್ಗ್ ನಿಲ್ದಾಣದಲ್ಲಿ ತನಗಾಗಿ ಕಾದು ನಿಂತ ಗಂಡನನ್ನು ನೋಡಿ, ಇವನ ಕಿವಿಗಳು ಹೀಗೇಕಿವೆ ಎಂದುಕೊಳ್ಳುವಳು. ಮದುವೆಯಾಗಿ ಎಂಟು ವರ್ಷ ಕಳೆದ ಮೇಲೆ ಅಂದು ಮೊದಲ ಬಾರಿಗೆ ಆ ಕಿವಿಗಳು ಅವಳ ಕಣ್ಣಿಗೆ ಬೀಳುವುವು! ಅವಳ ಮನಸ್ಸು ಬೇರೆಡೆ ತಿರುಗಿತೆಂದು ಹೇಳಲು ಪುಟಗಟ್ಟಲೆ ವ್ಯಾಖ್ಯಾನವು ಇನ್ನು ಬೇಕಾಗಿಲ್ಲ. ಮುಂದೊಂದು ಸಲ ಆ ಗಂಡನು ತಾನು ಪಟ್ಟ ಸಂಕಟವನ್ನು ಹೇಳಹೋಗಿ, ಆ ಒಂದು ಪದದಲ್ಲಿಯೇ ತೊದಲಿ, ಉಚ್ಚರಿಸಲಾರದೆ ಹೋಗುವನು. ಆನಾಳಿಗೆ ನಗೆ ಬರುವುದು. ಮರುಕ್ಷಣ ನಾಚಿಕೆಯಾಗಿ, ಎಂದೂ ಇಲ್ಲದ ಕನಿಕರವೂ ಮೂಡುವುದು. ಕಿವಿಯಾಗಲಿ ತೊದಲಾಗಲಿ ಅಲಂಕಾರಕ್ಕಾಗಿ ಇಟ್ಟುದಲ್ಲ. ಇಬ್ಬರನ್ನೂ ಒಳಗಿನಿಂದ ಬಲ್ಲವನಿಗೆ ಮಾತ್ರ ಇಂಥವು ತೋರುವುವು.

ಆನಾಳ ಪ್ರಿಯನಾದ ವ್ರೊನ್‌ಸ್ಕಿಯ ವಿಷಯದಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. ಆನಾಳು ಹೆತ್ತು ಜ್ವರದಿಂದ ಸಾಯುವಂತಿರುವಾಗ ಗಂಡನು ಅವಳನ್ನೂ ವ್ರೊನ್‌ಸ್ಕಿಯನ್ನೂ ಕ್ಷಮಿಸುವನು. ಆ ಭೇಟಿಯ ಅಧ್ಯಾಯವನ್ನು ಬರೆದಿಟ್ಟು ಬಹುದಿನಗಳಾದ ಮೇಲೆ ತಿದ್ದಲು ಕುಳಿತಾಗ, ತಾನು ಎಣಿಸಿರದಿದ್ದರೂ ವ್ರೊನ್‌ಸ್ಕಿಯು ಪಿಸ್ತೂಲಿನಿಂದ ತನಗೆ ತಾನೇ ಗುಂಡು ಹೊಡೆದುಕೊಂಡನೆಂದು ಟಾಲ್‌ಸ್ಟಾಯನು ಒಬ್ಬ ಪರಿಚಿತನಿಗೆ ಕಾಗದದಲ್ಲಿ ಬರೆದನು. ಇದನ್ನು ಪವಾಡವೆಂದು ಬಗೆಯಬೇಕಾಗಿಲ್ಲ. ವ್ರೊನ್‌ಸ್ಕಿಯ ಬಾಳಿಗೆ ಕೆಲವು ಕಟ್ಟುಗಳಿದ್ದುವು: ಜೂಜಿನ ಸಾಲವನ್ನು ತೀರಿಸಲೇಬೇಕು, ದರ್ಜಿಯ ಸಾಲ ನಿಂತರೂ ನಿಲ್ಲಬಹುದು; ಗಂಡಸಿಗೆ ಸುಳ್ಳು ಹೇಳಬಾರದು, ಹೆಂಗಸಿಗೆ ಹೇಳಬಹುದು. ವಂಚಿತನಾದ ಗಂಡನು ತನಗಿಂತ ಹಿರಿಯನಾಗಿ ನಿಂತು ಕ್ಷಮಿಸಿದರೆ ಏನು ಮಾಡಬೇಕೆಂಬುದು ಆ ಕಟ್ಟಿನಲ್ಲಿ ಇರಲಿಲ್ಲ. ಕಟ್ಟುಗಳನ್ನು ಮೊದಲೇ ಅಷ್ಟು ನಿಖರವಾಗಿ ಬರೆದಿದ್ದುದರಿಂದಲೇ ಪಿಸ್ತೂಲು ತಾನಾಗಿ ಬಂದಿತು. ಪ್ರಾಣವೇನೋ ಉಳಿಯಿತು.

ಈ ಪರಿಚಯವು ಸುಖದ್ದಾಗಿರಲಿಲ್ಲ. ಬರೆಯುತ್ತಿದ್ದ ವರ್ಷಗಳಲ್ಲಿ ಆತನ ಎಳೆಯ ಮಕ್ಕಳು ಮೂವರು ತೀರಿಕೊಂಡರು. ತಾಯಿಯಂತೆ ಸಾಕಿದ ಅತ್ತೆಯೂ ಕಣ್ಮುಚ್ಚಿದಳು. ಬರೆಹವು ನಿಂತು ನಿಂತು ಸಾಗಿತು. ಆನಾಳೆಂದರೆ ಬೇಸರವೆಂದು ಸ್ನೇಹಿತರಿಗೆ ಬರೆದನು. 1876ರಲ್ಲಿ ಬಂಧುವಾದ ಒಬ್ಬ ಮಹಿಳೆಗೆ ಬರೆದ ಕಾಗದದಲ್ಲಿಯೂ ಅದೇ ದೂರು: ಗುಣಗೆಟ್ಟ ಶಿಷ್ಯೆಯೊಬ್ಬಳೊಡನೆ ಹೆಣಗಿದಂತೆ ಇವಳೊಡನೆ ಹೆಣಗಬೇಕಾಗಿದೆಯೆಂದು. ಆದರೆ ಒಡನೆಯೇ, ಅವಳನ್ನು ತನ್ನೆದುರು ಹಳಿಯಬೇಡಿರೆಂದೂ, ಎಷ್ಟಾದರೂ ಅವಳನ್ನು ತಾನು ದತ್ತು ತೆಗೆದುಕೊಂಡಾಗಿದೆಯೆಂದೂ ಸೇರಿಸಿದನು. ಮೊದಲ ಕರಡಿನಲ್ಲಿ ಅವಳನ್ನು ಹಳಿಯಲು ಹೊರಟ ಲೇಖನಿಯೇ ಈಗ ಅವಳ ಪರವಾಗಿ ನಿಂತಿದ್ದಿತು.

ಆನಾಳ ಅಂತ್ಯದೊಡನೆ ಗ್ರಂಥವು ಮುಗಿಯುವುದಿಲ್ಲ. ಎಂಟನೆಯ ಭಾಗದಲ್ಲಿ ವ್ರೊನ್‌ಸ್ಕಿಯು ಹಲ್ಲುನೋವಿನಿಂದ ನರಳುತ್ತ ಸರ್ಬಿಯಾದ ಯುದ್ಧಕ್ಕೆ ಹೊರಟಿರುವನು. ರೈಲು ನಿಂತಾಗ ಅವನ ತಾಯಿಯು ಯಾರೊಡನೆಯೋ ಮಾತನಾಡುತ್ತ, ಆನಾಳು ಹೆತ್ತ ಹೆಣ್ಣುಮಗುವನ್ನು ಅವಳ ಗಂಡನು ತನ್ನ ಮನೆಗೆ ಕರೆದುಕೊಂಡು ಹೋದನೆಂದು ಎರಡೇ ಮಾತಿನಲ್ಲಿ ಹೇಳಿಬಿಡುವಳು. ಮೊದಲ ಕರಡಿನಲ್ಲಿ ಕಂಡ ಆ ಉದಾರಿಯಾದ ಗಂಡನು ಅಲ್ಲಿ ಇನ್ನೂ ಇರುವನು.