ಶಾಲೆಯ ಪರದೆಯ ಮೇಲೊಂದು ಫೋಟೊ ಪ್ರದರ್ಶನ

ಕಣ್ಣಿಗೆ ಸೇರಿದ ವಿಷಯವನ್ನು ಇವತ್ತು ಕಿವಿಗೆ ಹೇಳಲು ಹೊರಟಿದ್ದೇನೆ. ಸ್ವಲ್ಪ ಸಹಿಸಿಕೊಳ್ಳಿ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಾಲೆಗಳಿಂದ ಬೆಂಗಳೂರಿಗೆ ಪ್ರವಾಸ ಹೊರಟರೆ ಕಸ್ತೂರ್‌ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದೇ ರಸ್ತೆಯಲ್ಲಿ ‘ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ’ ಎಂಬ ಇನ್ನೊಂದು ಸಂಗ್ರಹಾಲಯವಿದೆ. ಜನ ಅದನ್ನು ಮ್ಯಾಪ್ ಅನ್ನುತ್ತಾರೆ. ಅಲ್ಲಿಗೆ ಮಕ್ಕಳನ್ನು ಕರೆದೊಯ್ದರೂ ಆಗುವುದೇನು? ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವರು ನಿದ್ದೆಗಣ್ಣಿನಲ್ಲಿರುತ್ತಾರೆ. ‘ಸಾಲು ಬಿಡಬೇಡಿ, ಮುಟ್ಟಬೇಡಿ, ಬೇಗ ಬನ್ನಿ’ ಎಂಬ ಮೂರು ಮಾತಿನೊಳಗೆ ಪ್ರದರ್ಶನ ಮುಗಿದುಹೋಗುತ್ತದೆ. ಒಂದು ಫೋಟೊದ ಮುಂದೆ ಹತ್ತು ನಿಮಿಷ ನಿಲ್ಲುವ ಅವಕಾಶ ಆ ಪ್ರವಾಸದಲ್ಲಿ ಸಿಗುವುದಿಲ್ಲ. ಅದು ಸಿಗುವುದು ಶಾಲೆಯಲ್ಲೇ, ಅಂತರ್ಜಾಲದ ಮೂಲಕ ಮ್ಯೂಸಿಯಂ ಸುತ್ತಿಸುವ ವರ್ಚುವಲ್ ಟೂರ್‌ನಲ್ಲಿ. ನನ್ನ ವಾದವೇ ಅದು.

ಮ್ಯಾಪ್‌ನ ಕಟ್ಟಡ ಜನರಿಗೆ ತೆರೆದದ್ದು 2023ರ ಫೆಬ್ರುವರಿಯಲ್ಲಿ. ಅದಕ್ಕೂ ಮುಂಚೆ, ಕೊರೊನಾ ಕಾಲದಲ್ಲಿ, 2020ರ ಡಿಸೆಂಬರ್‌ನಲ್ಲೇ ಅದು ಅಂತರ್ಜಾಲದಲ್ಲಿ ಶುರುವಾಗಿತ್ತು. ಗೂಗಲ್‌ನವರು 2011ರಲ್ಲಿ ಹದಿನೇಳು ಮ್ಯೂಸಿಯಂಗಳನ್ನು ಸೇರಿಸಿಕೊಂಡು, ಅವನ್ನು ಪರದೆಯ ಮೇಲೆ ತೋರಿಸಲು ಆರಂಭಿಸಿದ ಯೋಜನೆ ಇವತ್ತು ಗೂಗಲ್ ಆರ್ಟ್ಸ್ ಅಂಡ್ ಕಲ್ಚರ್ ಎಂದು ಬೆಳೆದು ನಿಂತಿದೆ. ಅಂತರ್ಜಾಲದಲ್ಲಿ ಈ ಎರಡನ್ನೂ ನೋಡಲು ಕಾಸು ಬೇಕಿಲ್ಲ.

ವರ್ಚುವಲ್ ಟೂರ್‌ನ ಒಳಗುಟ್ಟು ಇಷ್ಟೇ. ಎರಡು ಕಡೆಗೂ ಅಗಲ ಕಣ್ಣಿನ ಮಸೂರ ಇರುವ ಕ್ಯಾಮೆರಾವನ್ನು ಕೋಣೆಯಲ್ಲಿ ಕೆಲವು ಹೆಜ್ಜೆಗೊಂದರಂತೆ ನಿಲ್ಲಿಸಿ ಸುತ್ತಲಿನದೆಲ್ಲವನ್ನೂ ತೆಗೆಯುತ್ತಾರೆ. ಕಂಪ್ಯೂಟರು ಆ ತುಣುಕುಗಳನ್ನು ಹೊಲಿಯುತ್ತದೆ. ಪರದೆಯ ಮೇಲಿನ ಬಾಣದ ಗುರುತು ಒತ್ತಿದರೆ ಒಂದು ನಿಲ್ದಾಣದಿಂದ ಮುಂದಿನದಕ್ಕೆ ಹೋಗುತ್ತೇವೆ. ಆದರೆ ಫೋಟೊ ಪ್ರದರ್ಶನಕ್ಕೆ ಇದರಲ್ಲೊಂದು ತೊಡಕಿದೆ. ಚೌಕಟ್ಟಿನ ಗಾಜಿನ ಮೇಲೆ ದೀಪ ಹೊಳೆಯುತ್ತದೆ. ಚಿತ್ರಕ್ಕಿಂತ ಬಲ್ಬೇ ಚೆನ್ನಾಗಿ ಕಾಣುವುದೂ ಉಂಟು. ಹಾಗಾಗಿ ಒಳ್ಳೆಯ ಟೂರ್‌ಗಳಲ್ಲಿ ಪ್ರತಿ ಫೋಟೊವನ್ನೂ ಬೇರೆಯಾಗಿ ಸ್ಕ್ಯಾನ್ ಮಾಡಿ ಇಟ್ಟಿರುತ್ತಾರೆ. ಚಿತ್ರದ ಮೇಲೆ ಒತ್ತಿ, ಹಿಗ್ಗಿಸಿ ನೋಡಬಹುದು. ಕೋಣೆಯಲ್ಲಿ ‘ನಡೆದಾಡುವ’ ಮೋಜು ಐದು ನಿಮಿಷದಲ್ಲಿ ಮಕ್ಕಳಿಗೂ ಸಾಕಾಗುತ್ತದೆ. ಆಮೇಲೆ ಈ ಹಿಗ್ಗಿಸಿ ನೋಡುವುದೇ ನಿಜವಾದ ಲಾಭ.

ಯಾರ ಚಿತ್ರ ತೋರಿಸಬೇಕು? ನನ್ನ ಆಯ್ಕೆ ಟಿ. ಎಸ್. ಸತ್ಯನ್. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು, ಪತ್ರಿಕಾ ಛಾಯಾಗ್ರಾಹಕರು, 1977ರಲ್ಲಿ ಪದ್ಮಶ್ರೀ ಪಡೆದವರು. 1979, ಅಂದರೆ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳು ಮ್ಯಾಪ್‌ನ ಸಂಗ್ರಹದಲ್ಲಿವೆ. ಒಂದನ್ನು ಆರಿಸಿ ಪರದೆಯ ಮೇಲೆ ನಿಲ್ಲಿಸಿ, ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿರಬೇಕು. (ಇದು ಹೇಳಿದಷ್ಟು ಸುಲಭವಲ್ಲ, ಬಲ್ಲೆ.) ಆಮೇಲೆ ಕೇಳಲಿ: ನೆರಳು ಎಷ್ಟು ಉದ್ದ ಬಿದ್ದಿದೆ, ಹಾಗಾದರೆ ಹೊತ್ತು ಎಷ್ಟಾಗಿರಬಹುದು? ಚಿತ್ರ ತೆಗೆದವರು ನಿಂತಿದ್ದರೋ, ಮಗುವಿನ ಎತ್ತರಕ್ಕೆ ಕೂತಿದ್ದರೋ? ಅಂಚಿನಲ್ಲಿ ಅರ್ಧಕ್ಕೆ ತುಂಡಾಗಿರುವುದು ಏನು?

ಪರದೆ ಒಂದು ವಿಷಯದಲ್ಲಿ ಸುಳ್ಳು ಹೇಳುತ್ತದೆ, ಅಳತೆಯಲ್ಲಿ. ಅಂಗೈಯಗಲದ ಹಳೆಯ ಫೋಟೊವೂ ಬಾಗಿಲಿನಷ್ಟು ದೊಡ್ಡದೂ ಅಲ್ಲಿ ಒಂದೇ ಗಾತ್ರ. ಇದಕ್ಕೆ ಮದ್ದು ಹಳೆಯ ಪೇಪರು ಮತ್ತು ಕತ್ತರಿ. ಚಿತ್ರದ ವಿವರದಲ್ಲಿ ಸೆಂಟಿಮೀಟರಿನ ಅಳತೆ ಕೊಟ್ಟಿದ್ದರೆ ಮಕ್ಕಳು ಅಷ್ಟೇ ಅಳತೆಗೆ ಪೇಪರು ಕತ್ತರಿಸಿ ಗೋಡೆಗೆ ಅಂಟಿಸಲಿ.

ಹತ್ತೊಂಬತ್ತನೇ ಶತಮಾನಕ್ಕೆ ಹೋಗುವ ಆಸೆಯಿದ್ದರೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಚಿತ್ರಭಂಡಾರವೂ ಅಂತರ್ಜಾಲದಲ್ಲಿದೆ. ಆಗುಂಬೆ ಘಾಟಿಯ ಕೆಳಗಿನ ಕರಾವಳಿಯ ಆ ಕಾಲದ ಮುಖಗಳು ಅಲ್ಲಿ ಸಿಗುತ್ತವೆ.

‘ನಮ್ಮೂರಲ್ಲಿ ಟವರೇ ಸಿಗಲ್ಲ, ಮಳೆಗಾಲದಲ್ಲಿ ಕರೆಂಟೂ ಇರಲ್ಲ’ ಎನ್ನುವಿರಿ. ಒಪ್ಪಿದೆ. ಪೇಟೆಗೆ ಹೋದಾಗ ಮ್ಯೂಸಿಯಂನವರು ಇಳಿಸಿಕೊಳ್ಳಲು ಬಿಟ್ಟಿರುವ ಹತ್ತು ಚಿತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದರೆ ಸಾಕು. ಬಾಣದ ಗುರುತು ಇಲ್ಲದಿದ್ದರೂ ನೋಡುವ ಪಾಠ ನಿಲ್ಲುವುದಿಲ್ಲ. ಇದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣ ಮತ್ತು ಅವರ ನೀನಾಸಮ್ ರಂಗಸಂಸ್ಥೆಯ ಬಳಗ ಎಪ್ಪತ್ತರ ದಶಕದಲ್ಲೇ ಜಗತ್ತಿನ ದೊಡ್ಡ ಸಿನಿಮಾಗಳನ್ನು ಅಡಿಕೆ ಬೆಳೆಗಾರರಿಗೆ, ಕೂಲಿಕಾರರಿಗೆ ತೋರಿಸಿದ್ದರು. ಆಗ ರೀಲು ಹೊತ್ತು ತರಬೇಕಿತ್ತು.

ಪರದೆಯ ಪ್ರದರ್ಶನ ಮುಗಿದ ಮೇಲೆ ಮಕ್ಕಳಿಗೆ ಮನೆಯ ಕೆಲಸ ಕೊಡಬಹುದು: ತಮ್ಮ ಮನೆಯ ಹಳೆಯ ಫೋಟೊಗಳನ್ನು ಹುಡುಕುವುದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ನೀರಿಗೆ ಹೋದವು. ಅದಕ್ಕೂ ಹಿಂದಿನ ಹಿರೇಭಾಸ್ಕರ ಅಣೆಕಟ್ಟೇ ಹಿನ್ನೀರಿನಲ್ಲಿ ಮುಳುಗಿದೆ. ನೀರು ತೀರ ಇಳಿದ ಬೇಸಿಗೆಯಲ್ಲಿ ಮೇಲೆ ಕಾಣುತ್ತದೆ. ಮುಳುಗಡೆಯಾದವರ ಮನೆಗಳಲ್ಲಿ ಕಟ್ಟು ಹಾಕಿಸಿದ ಮದುವೆ ಫೋಟೊವೋ ಮನೆಮಂದಿಯ ಫೋಟೊವೋ ಇದ್ದರೆ, ಅದರ ಹಿನ್ನೆಲೆಯಲ್ಲಿ ಹಳೇ ಮನೆಯ ಕಂಬ, ಜಗಲಿ, ಅಂಗಳದ ಒಂದು ಚೂರು ಉಳಿದಿರಬಹುದು. ಮಲೆನಾಡಿನ ಮಳೆಗೆ ಆ ಫೋಟೊಗಳಿಗೆ ಬೂಷ್ಟು ಹಿಡಿಯುತ್ತಿದೆ. ಒದ್ದೆ ಬಟ್ಟೆಯಲ್ಲಿ ಉಜ್ಜಬೇಡಿ, ಚಿತ್ರದ ಪದರವೇ ಎದ್ದು ಬರುತ್ತದೆ. ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಲೂಬೇಡಿ. ಜಗಲಿಯ ನೆರಳು ಬೆಳಕಿನಲ್ಲಿಟ್ಟು, ಫ್ಲ್ಯಾಶ್ ಹಾಕದೆ, ಮೊಬೈಲನ್ನು ಚಿತ್ರಕ್ಕೆ ಸಮನಾಗಿ ಹಿಡಿದು ಒಂದು ಪಟ ತೆಗೆಯಿರಿ. ಹಿಂಬದಿಯಲ್ಲಿ ಸ್ಟುಡಿಯೋದ ಮುದ್ರೆ ಇದ್ದರೆ ಅದನ್ನೂ ತೆಗೆಯಿರಿ.

ಚಿತ್ರದಲ್ಲಿರುವವರು ಯಾರು, ಯಾವ ಊರು, ಯಾರ ಮದುವೆ ಎಂದು ಅಜ್ಜ ಅಜ್ಜಿಯನ್ನು ಕೇಳಿ ಬರೆದುಕೊಳ್ಳುವುದು ಅರ್ಧ ಕೆಲಸ. ಶಾಲೆಯಲ್ಲಿ ತೋರಿಸಬಹುದೇ ಎಂದು ಮೊದಲು ಅವರನ್ನೇ ಕೇಳಬೇಕು. ಬೇಡ ಅಂದರೆ ಆ ಫೋಟೊ ಮನೆಯಲ್ಲೇ ಇರಲಿ.