ಊರ ಶಾಲೆಯ ಸಿಬ್ಬಂದಿಯ ಯೋಗಕ್ಷೇಮ

(ತಾಲ್ಲೂಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ಬೀಜ, ಗೊಬ್ಬರ, ಕೊಳವೆ ಬಾವಿ, ಹೈನುಗಾರಿಕೆಗಳ ಮಾತನ್ನು ಕೇಳುವುದು ತಮಗೆ ವಾಡಿಕೆ. ಇಂದು ನಾನು ಊರ ಶಾಲೆಯಲ್ಲಿ ದುಡಿಯುವವರ ವಿಷಯವನ್ನು ಎತ್ತಿಕೊಂಡಿದ್ದೇನೆ. ಶಾಲೆಯ ಕಟ್ಟಡಕ್ಕೆ ಸುಣ್ಣ ಬಳಿದದ್ದಾಯಿತೇ, ಮಕ್ಕಳಿಗೆ ಪುಸ್ತಕ ಬಂದವೇ ಎಂದು ವಿಚಾರಿಸುವವರು ಊರಿನಲ್ಲಿದ್ದಾರೆ. ಮೇಷ್ಟ್ರು ಹೇಗಿದ್ದಾರೆ, ಟೀಚರಮ್ಮನವರು ಹೇಗಿದ್ದಾರೆ, ಬಿಸಿಯೂಟದ ಅಡುಗೆಯವರು ಹೇಗಿದ್ದಾರೆ ಎಂದು ವಿಚಾರಿಸುವವರು ಕಡಿಮೆ.

"ತಿಂಗಳ ಸಂಬಳ ಬರುತ್ತದೆ, ರಜೆಯೂ ಉಂಟು, ಅವರಿಗೇನು ಕಷ್ಟ?" ಎಂದು ತಮ್ಮಲ್ಲಿ ಕೆಲವರು ಮನಸ್ಸಿನಲ್ಲಿಯೇ ಕೇಳಿಕೊಳ್ಳುತ್ತಿರಬಹುದು. ಕೇಳಿಕೊಳ್ಳುವುದು ಸಹಜ. ಮಳೆ ಕೈಕೊಟ್ಟು ಪೈರು ಒಣಗುತ್ತಿರುವವನ ಮುಂದೆ ಸಂಬಳದವನ ಕಷ್ಟ ಹೇಳುವುದು ಸುಲಭವಲ್ಲ. ಆದರೆ ಕಷ್ಟ ಅವರದಾದರೂ ನಷ್ಟ ನಮ್ಮ ಮಕ್ಕಳದು. ಆದುದರಿಂದ ಶಾಲೆಯ ಲೆಕ್ಕವನ್ನು ಒಮ್ಮೆ ನೋಡೋಣ.

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳಿರುವವರೆಗೆ ಇಬ್ಬರು ಉಪಾಧ್ಯಾಯರು. ಮಕ್ಕಳ ಸಂಖ್ಯೆ 150 ಮೀರಿದರೆ ಮಾತ್ರ ಪ್ರತ್ಯೇಕ ಮುಖ್ಯೋಪಾಧ್ಯಾಯರು. ಆರರಿಂದ ಎಂಟನೆಯ ತರಗತಿಗಳಿಗಾದರೆ 100 ಮಕ್ಕಳನ್ನು ಮೀರಬೇಕು. ನಮ್ಮ ಸಣ್ಣ ಊರುಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ 150 ಮಕ್ಕಳು ಎಲ್ಲಿಂದ ಬರಬೇಕು? ಆದಕಾರಣ ಇಬ್ಬರು ಉಪಾಧ್ಯಾಯರಲ್ಲಿ ಒಬ್ಬರೇ ಪ್ರಭಾರ ಮುಖ್ಯೋಪಾಧ್ಯಾಯರಾಗಿ, ಪಾಠವನ್ನೂ ಹೇಳಿ, ಶಾಲೆಯನ್ನೂ ನಡೆಸಬೇಕು.

ಶಾಲೆಯನ್ನು ನಡೆಸುವುದೆಂದರೇನು? ಅಕ್ಕಿ ಬೇಳೆಯ ದಾಸ್ತಾನು ಬರೆಯಬೇಕು. ಅಡಿಗೆ ಅನಿಲದ ಸಿಲಿಂಡರು ಮುಗಿಯುವ ಮುನ್ನ ತರಿಸಬೇಕು. 2013ರಿಂದ ಬಂದ ಹಾಲಿನ ಪುಡಿಯ ಲೆಕ್ಕ, ಆಮೇಲೆ ಸೇರಿದ ಮೊಟ್ಟೆ ಬಾಳೆಹಣ್ಣಿನ ಲೆಕ್ಕ ಇಡಬೇಕು. ಮಕ್ಕಳ ಆಧಾರ್, ಬ್ಯಾಂಕ್ ಖಾತೆ, ವಿದ್ಯಾರ್ಥಿವೇತನ, ಸಮವಸ್ತ್ರ, ಎಲ್ಲದರ ಮಾಹಿತಿಯನ್ನೂ ಗಣಕಯಂತ್ರಕ್ಕೆ ತುಂಬಬೇಕು. ಸಂಜೆ ನಾಲ್ಕಕ್ಕೆ ಮೊಬೈಲಿಗೆ ಒಂದು ಸಂದೇಶ ಬಂದು, ಐದರೊಳಗೆ ಅಂಕಿಅಂಶ ಕಳುಹಿಸಿ ಎಂದಿರುತ್ತದೆ. ಊರಿನಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಗುಡ್ಡ ಹತ್ತಿ ನಿಂತು ಕಳುಹಿಸುವವರೂ ಇದ್ದಾರೆ. ಮೊಟ್ಟೆಗೆ ಸರ್ಕಾರ ಗೊತ್ತುಮಾಡಿದ ದರ ಒಂದು, ಪೇಟೆಯಲ್ಲಿ ಏರಿದ ದರ ಇನ್ನೊಂದು. ನಡುವಿನ ವ್ಯತ್ಯಾಸವನ್ನು ಮುಖ್ಯೋಪಾಧ್ಯಾಯರು ತಮ್ಮ ಕೈಯಿಂದ ಕೊಟ್ಟ ದಿನಗಳುಂಟು. ಕೋಳಿ ಸಾಕುವ ತಮಗೆ ಆ ದರದ ಏರಿಳಿತವನ್ನು ನಾನು ವಿವರಿಸಬೇಕಾಗಿಲ್ಲ.

ಇದರ ಮೇಲೆ ಹೊರಗಿನ ಕೆಲಸ. ಕಾಯಿದೆಯ 27ನೆಯ ಕಲಮಿನಲ್ಲಿ ಹತ್ತು ವರ್ಷಗಳ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳನ್ನುಳಿದು ಬೇರೆ ಶಿಕ್ಷಣೇತರ ಕೆಲಸಕ್ಕೆ ಉಪಾಧ್ಯಾಯರನ್ನು ನೇಮಿಸಬಾರದೆಂದಿದೆ. ಆದರೂ 2025ರ ಸೆಪ್ಟೆಂಬರ್ 22ರಂದು ಆರಂಭವಾದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಮನೆಮನೆಗೆ ಬಂದವರಲ್ಲಿ ಉಪಾಧ್ಯಾಯರೇ ಹೆಚ್ಚು. ದಸರಾ ರಜೆಯಲ್ಲಿ ಕೆಲಸ ಮುಗಿಯದೆ, ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು. ಆ ಸಮೀಕ್ಷೆ ಬೇಕೇ ಬೇಡವೇ ಎಂಬುದು ಬೇರೆ ಮಾತು. ಇಬ್ಬರು ಉಪಾಧ್ಯಾಯರ ಶಾಲೆಯಿಂದ ಒಬ್ಬರನ್ನು ಕರೆದೊಯ್ಯುವುದು ಜೋಡೆತ್ತಿನಲ್ಲಿ ಒಂದನ್ನು ಬಿಚ್ಚಿಕೊಂಡು ಹೋಗಿ, ಉಳಿದುದರಿಂದ ಹೊಲ ಉಳು ಎಂದ ಹಾಗೆ. ಒಂಟಿ ಎತ್ತಿನ ಹೆಗಲು ಏನಾಗುತ್ತದೆಂಬುದನ್ನು ತಾವು ಬಲ್ಲಿರಿ.

ದಣಿದ ಮನುಷ್ಯ ಮುಂದಾಳಾಗಲಾರ. ಮುಖ್ಯೋಪಾಧ್ಯಾಯರ ಮನಸ್ಸು ಬರೀ ಪಟ್ಟಿ, ರಸೀತಿಗಳಲ್ಲಿ ಮುಳುಗಿದ್ದರೆ, ಹೊಸದಾಗಿ ಬಂದ ಉಪಾಧ್ಯಾಯಿನಿಗೆ ಪಾಠದ ಕ್ರಮ ತೋರಿಸಲು ಅವರಿಗೆ ಹೊತ್ತೆಲ್ಲಿ? ಎರಡು ವಾರದಿಂದ ಶಾಲೆಗೆ ಬಾರದ ಹುಡುಗನ ಮನೆಗೆ ಹೋಗಿ ಬರಲು ಹೊತ್ತೆಲ್ಲಿ? ಅನುಭವಸ್ಥರಾದ ಉಪಾಧ್ಯಾಯರು ಮುಖ್ಯೋಪಾಧ್ಯಾಯರ ಬಡ್ತಿಯೇ ಬೇಡ, ಪಾಠ ಹೇಳಿಕೊಂಡು ಇದ್ದುಬಿಡುತ್ತೇನೆ ಎನ್ನುವುದುಂಟು. ಇದು ಸೋಮಾರಿತನವೆಂದು ನನಗೆ ತೋರುವುದಿಲ್ಲ. ಹೊರೆಯನ್ನು ಕಣ್ಣಾರೆ ಕಂಡವರು ಹಾಗೆನ್ನುತ್ತಾರೆ.

ಸಿಬ್ಬಂದಿಯನ್ನು ಗೌರವದಿಂದ ಕಂಡು, ಅವರ ಮಾತು ಕೇಳಿದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ದೃಷ್ಟಾಂತವಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು ಕಾಡಂಚಿನದು, ಹಾಡಿಗಳಿರುವ ತಾಲ್ಲೂಕು. ಅಲ್ಲಿನ ಕೆಲವು ಉಪಾಧ್ಯಾಯರು ಆಂಧ್ರಪ್ರದೇಶದ ಋಷಿ ವ್ಯಾಲಿಯ ಸುತ್ತಲಿನ ಸಣ್ಣ ಶಾಲೆಗಳನ್ನು ಕಂಡುಬಂದರು. ಬಂದವರು ಒಟ್ಟಿಗೆ ಕುಳಿತು, ತಮ್ಮ ಮಕ್ಕಳಿಗೆ ತಕ್ಕ ಕಲಿಕೆಯ ಕಾರ್ಡುಗಳನ್ನು ತಾವೇ ರಚಿಸಿದರು. 1995ರಲ್ಲಿ ಹೀಗೆ ಹುಟ್ಟಿದ್ದೇ 'ನಲಿಕಲಿ'. ಅಧಿಕಾರಿಗಳು ತಪ್ಪು ಹುಡುಕುವ ತನಿಖೆಯ ಧೋರಣೆಯನ್ನು ಬದಿಗಿಟ್ಟು ಜೊತೆಗಾರರಾದರು. ಉಪಾಧ್ಯಾಯರು ಆಗಾಗ ಸೇರಿ ತಮ್ಮ ತೊಡಕುಗಳನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ಆ ಪದ್ಧತಿಯೇ ಮುಂದೆ 2009-10ರ ಸುಮಾರಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆಲ್ಲ ಹರಡಿತು. ಹಿಂದುಳಿದ ತಾಲ್ಲೂಕೊಂದರ ಉಪಾಧ್ಯಾಯರು ರಾಜ್ಯಕ್ಕೇ ದಾರಿ ತೋರಿಸಿದರು. ಹೆಚ್ಚಿನ ಸಂಬಳವನ್ನೇನೂ ಅವರಿಗೆ ಕೊಟ್ಟಿರಲಿಲ್ಲ. ಕೊಟ್ಟದ್ದು ನಂಬಿಕೆ, ಮತ್ತು ಕುಳಿತು ಆಲೋಚಿಸಲು ಸ್ವಲ್ಪ ಹೊತ್ತು.

ಈ ಮಾತು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಛೇರಿಗೂ ಸಲ್ಲುತ್ತದೆ. ಶಾಲೆಗೆ ಭೇಟಿ ಕೊಡುವ ಸಂಪನ್ಮೂಲ ವ್ಯಕ್ತಿಗಳು ಮೊದಲು ರಿಜಿಸ್ಟರು ಕೇಳುವ ಬದಲು, "ನಿಮಗೇನು ತೊಂದರೆಯಿದೆ?" ಎಂದು ಕೇಳಿದರೆ ತಾಲ್ಲೂಕಿನ ಆಡಳಿತವೇ ಗಟ್ಟಿಯಾಗುತ್ತದೆ. ಅವರ ಮೇಲೂ ಮೇಲಿನವರ ಒತ್ತಡವಿದೆಯೆಂಬುದನ್ನು ನಾನು ಬಲ್ಲೆ. ಆ ದೊಡ್ಡ ಮಾತುಗಳನ್ನು ಅವರಿಗೇ ಬಿಟ್ಟು, ನಮ್ಮ ಕೈಯಲ್ಲಿರುವುದನ್ನು ನೋಡೋಣ.

2001ರಿಂದ ನಮ್ಮ ಸರ್ಕಾರಿ ಶಾಲೆಗಳಲ್ಲಿ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಕಾಯಿದೆಯ ಪ್ರಕಾರ ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಮೇಷ್ಟ್ರ ಮೇಲೆ ದೂರು ಹೇಳುವ ಜಾಗ ಅದೆಂದು ಬಹಳ ಜನ ತಿಳಿದಿದ್ದಾರೆ. ಆದರೆ ಕೇಂದ್ರ ಸರ್ಕಾರ 2010ರಲ್ಲಿ ಹೊರಡಿಸಿದ ನಿಯಮಗಳನ್ನು ಓದಿ ನೋಡಿ. ಉಪಾಧ್ಯಾಯರು ತಮ್ಮ ಕುಂದುಕೊರತೆಯನ್ನು ಹೇಳಿಕೊಳ್ಳಲು ಮೊದಲ ಮೆಟ್ಟಿಲು ಕೂಡ ಈ ಸಮಿತಿಯೇ. ಅವರು ಹೇಳಬೇಕು, ನಾವು ಕೇಳಬೇಕು. ಎಷ್ಟು ಊರುಗಳಲ್ಲಿ ಸಮಿತಿಯವರು ಒಂದು ಸಲವಾದರೂ ಹಾಗೆ ಕೇಳಿದ್ದಾರೆ?

ಕೇಳಿದರೆ ಬರುವ ಉತ್ತರಗಳು ಬಹುಮಟ್ಟಿಗೆ ಸಣ್ಣವೇ. ಉಪಾಧ್ಯಾಯಿನಿಯರಿಗೆ ಬೀಗ ಹಾಕಬಹುದಾದ, ನೀರಿರುವ ಪಾಯಿಖಾನೆ ಇರುವುದಿಲ್ಲ. ಅದಕ್ಕಾಗಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಇದ್ದು ಆರೋಗ್ಯ ಕೆಡಿಸಿಕೊಳ್ಳುವವರಿದ್ದಾರೆ. ಊರಿನಲ್ಲಿ ಬಾಡಿಗೆಗೆ ಮನೆ ಕೇಳಿದರೆ ಮೊದಲು ಜಾತಿ ಕೇಳುತ್ತಾರೆ. ಆಮೇಲೆ, ಮೇಷ್ಟ್ರು ಊರಿನಲ್ಲಿ ನಿಲ್ಲುವುದಿಲ್ಲವೆಂದು ನಾವೇ ದೂರುತ್ತೇವೆ! ಅಡುಗೆಯ ಹೆಂಗಸರು ಹೊಗೆ ತುಂಬಿದ ಕೋಣೆಯಲ್ಲಿ ಬೇಯುತ್ತಾರೆ, ಗಾಳಿಗೆ ಒಂದು ಕಿಟಕಿ ತೆರೆಸಿದರೆ ಸಾಕು. ಪಂಚಾಯಿತಿ ಚುನಾವಣೆಯ ಎರಡು ಪಕ್ಷಗಳು ಶಾಲೆಯ ಸಮಿತಿಗೂ ಕಾಲಿಟ್ಟು, ಮುಖ್ಯೋಪಾಧ್ಯಾಯರು ಯಾರ ಕಡೆ ಎಂದು ಜಗ್ಗಾಡುತ್ತವೆ. ಇದೊಂದನ್ನು ಸಣ್ಣದೆನ್ನಲಾರೆ. ಒಳ್ಳೆಯವರು ಊರು ಬಿಡುವುದು ಹೆಚ್ಚಾಗಿ ಇದರಿಂದಲೇ.

ಊರು ಬಿಡುವುದೆಂದರೆ ಹೀಗೆ. ಉಪಾಧ್ಯಾಯರ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ನಡೆಯುತ್ತದೆ. ಖಾಲಿ ಇರುವ ಶಾಲೆಗಳ ಪಟ್ಟಿಯಿಂದ, ತಮ್ಮ ಸರದಿ ಬಂದಾಗ, ಅವರು ಊರನ್ನು ಆರಿಸಿಕೊಳ್ಳುತ್ತಾರೆ. ಆರಿಸುವ ಮೊದಲು ಗೆಳೆಯರಿಗೆ ಫೋನು ಮಾಡಿ, ಆ ಊರು ಹೇಗೆ, ಜನ ಹೇಗೆ, ಬಸ್ಸು ಉಂಟೇ ಎಂದು ವಿಚಾರಿಸುತ್ತಾರೆ. ನಾವು ಹೆಣ್ಣು ಕೊಡುವ ಮುನ್ನ ವಿಚಾರಿಸುವುದಿಲ್ಲವೇ, ಹಾಗೆಯೇ. ಬಸ್ ನಿಲ್ದಾಣದಲ್ಲಿ ಹತ್ತು ಜನರ ಮುಂದೆ ಮೇಷ್ಟ್ರನ್ನು ಬೈದ ಊರಿನ ಹೆಸರು ತಾಲ್ಲೂಕಿಗೆಲ್ಲ ಗೊತ್ತಿರುತ್ತದೆ. ಆ ಊರಿನ ಹುದ್ದೆ ಪಟ್ಟಿಯಲ್ಲಿಯೇ ಉಳಿಯುತ್ತದೆ. ಅತಿಥಿ ಶಿಕ್ಷಕರೊಬ್ಬರು ಬಂದು ಆ ವರ್ಷವನ್ನು ಹೇಗೋ ದಾಟಿಸುತ್ತಾರೆ.

ಕೆಲಸಗಳ್ಳರೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಂಥವರಿದ್ದರೆ ದಿನಾಂಕ ಸಹಿತ ಬರೆದು, ಮೊದಲು ಮುಖ್ಯೋಪಾಧ್ಯಾಯರಿಗೆ, ಅಲ್ಲಿ ಆಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಸಮಿತಿಯ ಮೂಲಕ ತಿಳಿಸಿ. ಒಬ್ಬರ ತಪ್ಪಿಗೆ ಶಾಲೆಯ ಎಲ್ಲರನ್ನೂ ಜರೆಯುವುದು ಬೇಡ.

ಇನ್ನೊಂದು ಸಂಗತಿ. ಮನಸ್ಸಿನ ಬಳಲಿಕೆ ಮೈಯ ಬಳಲಿಕೆಯಂತೆ ಹೊರಗೆ ಕಾಣುವುದಿಲ್ಲ. ನಿದ್ದೆ ಬಾರದಿರುವುದು, ಸಣ್ಣದಕ್ಕೂ ಸಿಡುಕು, ಶಾಲೆಯ ಗೇಟು ಕಂಡರೆ ಎದೆ ಭಾರವಾಗುವುದು, ಇವುಗಳನ್ನು ಕಂಡರೆ ಅಲಕ್ಷ್ಯ ಮಾಡಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸೇವೆಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಶಾಲೆಯ ಗೋಡೆಯ ಮೇಲೆ ಈ ಸಂಖ್ಯೆಯನ್ನು ಬರೆಸಿರಿ. ಸಾಲಸೋಲದಲ್ಲಿ ನೊಂದ ರೈತರಿಗೂ ಅದು ಅಷ್ಟೇ ಉಪಯುಕ್ತ.

ಮುಂದಿನ ತಿಂಗಳ ಸಮಿತಿಯ ಸಭೆಯಲ್ಲಿ ಮೊದಲ ಅರ್ಧ ಗಂಟೆಯನ್ನು ಉಪಾಧ್ಯಾಯರಿಗೂ ಅಡುಗೆಯವರಿಗೂ ಬಿಟ್ಟುಕೊಡಿ. ಅವರು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಊರಿನಿಂದಲೇ ಆಗುವ ಎರಡು ಕೆಲಸಗಳನ್ನು ಆರಿಸಿ, ಯಾರು ಮಾಡುವುದು, ಯಾವ ದಿನದೊಳಗೆ ಎಂದು ಅಲ್ಲಿಯೇ ಗೊತ್ತುಮಾಡಿ. ಮೊಟ್ಟೆ, ತರಕಾರಿಯನ್ನು ಊರಿನವರೇ ಸರ್ಕಾರದ ದರಕ್ಕೆ ಒದಗಿಸಲು ಸಾಧ್ಯವೇ ಎಂದು ಆಲೋಚಿಸಿ. ಸಭೆಯನ್ನು ಮಾತ್ರ ದಯವಿಟ್ಟು ಸಂಜೆಯ ಕೊನೆಯ ಬಸ್ಸು ಹೊರಡುವುದರೊಳಗೆ ಮುಗಿಸಿಬಿಡಿ. ಟೀಚರಮ್ಮನವರು ಮನೆ ಸೇರಬೇಕು.