ಕರುಳಿನ ಉರಿಯೂತ: ಪರೀಕ್ಷೆಗೂ ಒಂದು ಸಮಯವಿದೆ

(ರೋಗಿಗಳು ಮತ್ತು ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸ)



“ಇಷ್ಟು ರಕ್ತಭೇದಿ ಆಗ್ತಿದೆ, ಡಾಕ್ಟರು ಇನ್ನೂ ಪೈಪ್ ಹಾಕಿ ನೋಡಿಲ್ಲ” ಎಂದು ಮನೆಯವರು ಬೇಸರಪಡುವುದುಂಟು. ಈ ತಡಕ್ಕೆ ಕಾರಣವಿದೆ.

ಅಲ್ಸರೇಟಿವ್ ಕೊಲೈಟಿಸ್ ಎಂಬ ಕಾಯಿಲೆಯಲ್ಲಿ ದೊಡ್ಡ ಕರುಳಿನ ಒಳಪದರ ಊದಿಕೊಂಡು ಹುಣ್ಣಾಗುತ್ತದೆ. ಕಾಯಿಲೆ ಜೋರಾದಾಗ ಕರುಳಿನ ಗೋಡೆ ನೆನೆದ ಕಾಗದದಂತೆ ದುರ್ಬಲವಾಗಬಹುದು. ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇರುವ ನಳಿಕೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು, ಗಾಳಿ ತುಂಬಿ, ಕರುಳನ್ನು ಹಿಗ್ಗಿಸಿ ನೋಡುತ್ತಾರೆ. ಆರೋಗ್ಯವಾಗಿರುವ ಕರುಳು ಇದನ್ನು ತಾಳಿಕೊಳ್ಳುತ್ತದೆ. ತೂತಾಗುವುದು ಬಹಳ ಅಪರೂಪ. ತೀವ್ರ ಉರಿಯೂತವಿದ್ದಾಗ ಆ ಅಪಾಯ ಹೆಚ್ಚು. ತೂತಾದರೆ ಮಲ ಹೊಟ್ಟೆಯೊಳಗೆ ಸೋರಿ ಜೀವಕ್ಕೇ ಸಂಚಕಾರ ಬರುತ್ತದೆ. ಬೇರಿಯಂ ಎನಿಮಾ ಎಕ್ಸ್-ರೇ ಕೂಡ ಈ ಹಂತದಲ್ಲಿ ಮಾಡಿಸಬಾರದು.

ಹಾಗಾದರೆ ಕಾಯಿಲೆ ತಿಳಿಯುವುದು ಹೇಗೆ? ಮೊದಲು ರಕ್ತ, ಮಲ ಪರೀಕ್ಷೆ ಮತ್ತು ಹೊಟ್ಟೆಯ ಸಾದಾ ಎಕ್ಸ್-ರೇ. ಅದರಲ್ಲಿ ದೊಡ್ಡ ಕರುಳು 6 ಸೆಂ.ಮೀ.ಗಿಂತ ಹೆಚ್ಚು ಹಿಗ್ಗಿ ಕಂಡರೆ ಅಪಾಯದ ಸೂಚನೆ. ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ; ಇಲ್ಲವೇ ಕಡಿಮೆ ಗಾಳಿ ಬಿಟ್ಟು ಕರುಳಿನ ಕೊನೆಯ ಭಾಗವನ್ನಷ್ಟೇ ನೋಡುತ್ತಾರೆ.

ಪರೀಕ್ಷೆಗೆ ಮೊದಲು ಇವುಗಳನ್ನು ವೈದ್ಯರಿಗೆ ತಪ್ಪದೆ ತಿಳಿಸಿ:

• ರಕ್ತ ತೆಳುವಾಗಿಸುವ, ಸಕ್ಕರೆ ಕಾಯಿಲೆಯ ಅಥವಾ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ
• ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದರೆ
• ಗರ್ಭಿಣಿಯಾಗಿದ್ದರೆ

ಹೊಟ್ಟೆ ಖಾಲಿ ಮಾಡುವ ಔಷಧವನ್ನು ವೈದ್ಯರು ಹೇಳದೆ ಕುಡಿಯಬೇಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನೂ ಅಂಗಡಿಯಿಂದ ತಂದು ನುಂಗಬೇಡಿ. ತೀವ್ರ ಉರಿಯೂತದಲ್ಲಿ ಅದರಿಂದಲೇ ಕರುಳು ಅಪಾಯಕರವಾಗಿ ಹಿಗ್ಗಬಹುದು.

ಪರೀಕ್ಷೆಯಾದ ಮೇಲೆ ಸ್ವಲ್ಪ ಹೊಟ್ಟೆಯುಬ್ಬರ ಸಹಜ. ಗಾಳಿ ಹೋದಂತೆ ಕಡಿಮೆಯಾಗುತ್ತದೆ. ಆದರೆ ಹೆಚ್ಚುತ್ತಲೇ ಹೋಗುವ ನೋವು, ಗಟ್ಟಿಯಾದ ಹೊಟ್ಟೆ, ಜ್ವರ, ವಾಂತಿ, ಹೆಚ್ಚು ರಕ್ತಸ್ರಾವ ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಬನ್ನಿ. ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಕರುಳು ತೂತಾದರೂ ನೋವು, ಜ್ವರ ಅಷ್ಟಾಗಿ ಕಾಣದಿರಬಹುದು. ಅಂಥವರ ಮೇಲೆ ಮನೆಯವರು ವಿಶೇಷ ನಿಗಾ ಇಡಬೇಕು.

ಇದನ್ನು ಕೇಳಿ ಕೊಲೊನೋಸ್ಕೋಪಿಯೇ ಬೇಡವೆಂದು ಯಾರೂ ತೀರ್ಮಾನಿಸಬಾರದು. ಉರಿಯೂತ ಹತೋಟಿಗೆ ಬಂದ ಮೇಲೆ ಅದು ಬೇಕೇ ಬೇಕು. ಈ ಕಾಯಿಲೆ ಬಹುಕಾಲ ಇದ್ದವರಿಗೆ ಕರುಳಿನ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಆದ್ದರಿಂದ ಸಾಮಾನ್ಯವಾಗಿ 8 ವರ್ಷಗಳಾದ ಮೇಲೆ, ಹುಷಾರಾಗಿದ್ದರೂ, ವೈದ್ಯರು ಹೇಳಿದ ಅವಧಿಗೊಮ್ಮೆ ಮಾಡಿಸಿಕೊಳ್ಳಬೇಕು.

ಇಂದು ಬೇಡವೆಂದ ವೈದ್ಯರೇ ಮುಂದೆ ಬೇಕೆಂದಾರು. ಎರಡೂ ರೋಗಿಯ ಹಿತಕ್ಕಾಗಿಯೇ. ಸಂಶಯವಿದ್ದರೆ ಸಂಕೋಚಪಡದೆ ಕೇಳಿ.